ಹಣ್ಣು, ತರಕಾರಿ ಎಲ್ಲ ಬಿಟ್ಟರೂ ಪೊಟ್ಯಾಸಿಯಂ ಏರಿದ್ದೇಕೆ? ಕಿಡ್ನಿ ಪಥ್ಯದಲ್ಲಿ ಖನಿಜಗಳ ಲೆಕ್ಕ

ಪ್ರಶ್ನೆ: ನಮ್ಮ ತಂದೆಗೆ 61 ವರ್ಷ. ಬಿಪಿ ಹಳೆಯದು, ಶುಗರ್ ಇಲ್ಲ. ಕಿಡ್ನಿ ತೊಂದರೆ ಇದೆ ಅಂತ ಗೊತ್ತಾಗಿ ಎರಡು ವರ್ಷ ಆಯಿತು. ಬಿಪಿಗೆ ಟೆಲ್ಮಿಸಾರ್ಟಾನ್ ಮಾತ್ರೆ ತೆಗೆದುಕೊಳ್ಳುತ್ತಾರೆ. ನಾಲ್ಕು ತಿಂಗಳಿಂದ ಕಟ್ಟುನಿಟ್ಟಿನ ಪಥ್ಯ: ಹಣ್ಣು, ಟೊಮ್ಯಾಟೊ, ಆಲೂಗಡ್ಡೆ, ಸೊಪ್ಪು, ಬೇಳೆ, ಕಾಳು, ಹಾಲು ಎಲ್ಲ ನಿಲ್ಲಿಸಿದ್ದೇವೆ. ಮಾಮೂಲಿ ಉಪ್ಪಿನ ಬದಲು ಲೋ ಸೋಡಿಯಂ ಉಪ್ಪು ಹಾಕುತ್ತಿದ್ದೇವೆ. ಆದರೂ 4.6 ಇದ್ದ ಪೊಟ್ಯಾಸಿಯಂ 5.4 ಆಗಿದೆ. ಫಾಸ್ಫರಸ್ 3.9, ಬೈಕಾರ್ಬನೇಟ್ 19, ಹಿಮೋಗ್ಲೋಬಿನ್ 10.8, ಕಿಡ್ನಿ ಎಷ್ಟು ಸೋಸುತ್ತದೆ ಅಂತ ಹೇಳುವ ಇಜಿಎಫ್‌ಆರ್ 39. ಕ್ರಿಯಾಟಿನಿನ್ ಮಾತ್ರ 2.0ಯಿಂದ 1.9ಕ್ಕೆ ಇಳಿದಿದೆ, ಅದೊಂದು ಸಮಾಧಾನ. ತೂಕ 62 ಕೆಜಿಯಿಂದ 57ಕ್ಕೆ ಬಂದಿದೆ, ಮಲಬದ್ಧತೆ ಶುರುವಾಗಿದೆ. ದಿನಕ್ಕೆ ಸೋಡಿಯಂ, ಪೊಟ್ಯಾಸಿಯಂ, ಫಾಸ್ಫರಸ್, ಕ್ಯಾಲ್ಸಿಯಂ ಎಷ್ಟೆಷ್ಟು ಮಿಲಿಗ್ರಾಂ ಕೊಡಬೇಕು? ಇನ್ನೇನು ಬಿಡಿಸಬೇಕು? ಐರನ್, ಮಲ್ಟಿವಿಟಮಿನ್ ಮಾತ್ರೆ ಕೊಡಬಹುದಾ?

ಉತ್ತರ: ಬಿಡಿಸಬೇಕಾದದ್ದು ಸದ್ಯಕ್ಕೆ ಒಂದೇ, ಆ ಲೋ ಸೋಡಿಯಂ ಉಪ್ಪು. ಅದನ್ನು ಇವತ್ತೇ ನಿಲ್ಲಿಸಿ. ನೀವು ನಿಲ್ಲಿಸಿರುವ ಉಳಿದ ಪದಾರ್ಥಗಳಲ್ಲಿ ಎಷ್ಟೋ ವಾಪಸ್ ಕೊಡಬೇಕಾಗಿದೆ.

ಆ ಉಪ್ಪಿನ ಪ್ಯಾಕೆಟ್ ತಿರುಗಿಸಿ ಹಿಂದೆ ಏನು ಬರೆದಿದೆ ನೋಡಿ. ಸೋಡಿಯಂ ಕಡಿಮೆ ಮಾಡಿದ ಜಾಗದಲ್ಲಿ ಸಾಮಾನ್ಯವಾಗಿ ಪೊಟ್ಯಾಸಿಯಂ ಕ್ಲೋರೈಡ್ ತುಂಬಿರುತ್ತಾರೆ. ಪೊಟ್ಯಾಸಿಯಂ ಕ್ಲೋರೈಡ್‌ನ ತೂಕದಲ್ಲಿ ಅರ್ಧಕ್ಕಿಂತ ಸ್ವಲ್ಪ ಜಾಸ್ತಿ ಪೊಟ್ಯಾಸಿಯಂ. ಪ್ಯಾಕೆಟ್‌ನಲ್ಲಿ ಅದು ಕಾಲು ಭಾಗ ಮಾತ್ರ ಇದೆ, ದಿನಕ್ಕೆ 6 ಗ್ರಾಂ ಉಪ್ಪು ಹೊಟ್ಟೆಗೆ ಹೋಗುತ್ತಿದೆ ಅಂತಿಟ್ಟುಕೊಳ್ಳಿ. ಆಗಲೂ ಸುಮಾರು 780 ಮಿ.ಗ್ರಾಂ ಪೊಟ್ಯಾಸಿಯಂ ಒಳಗೆ ಹೋಗುತ್ತದೆ. ಒಂದು ಮಧ್ಯಮ ಗಾತ್ರದ ಬಾಳೆಹಣ್ಣಿನಲ್ಲಿ 420 ಮಿ.ಗ್ರಾಂ ಇರುತ್ತದೆ. ಅಂದರೆ ಬಾಳೆಹಣ್ಣು ಬಿಡಿಸಿ, ಹೆಚ್ಚು ಕಡಿಮೆ ಎರಡು ಬಾಳೆಹಣ್ಣಿನಷ್ಟನ್ನು ಉಪ್ಪಿನ ಡಬ್ಬಿಯಿಂದ ಕೊಟ್ಟಂತಾಯಿತು. ಅದೂ ನಾರಿಲ್ಲದೆ, ಪೂರ್ತಿ ಕರಗುವ ರೂಪದಲ್ಲಿ. ನಿಮ್ಮದೇ ತಪ್ಪು ಅಂತ ಬೇಜಾರು ಮಾಡಿಕೊಳ್ಳಬೇಡಿ, ಪ್ಯಾಕೆಟ್ ಮೇಲೆ ಹೃದಯದ ಚಿತ್ರ ಹಾಕಿ ಮಾರುವ ಸಾಮಾನು ಇದು, ಯಾರಿಗಾದರೂ ಒಳ್ಳೆಯದು ಅಂತಲೇ ಅನಿಸುತ್ತದೆ. ಕಿಡ್ನಿ ಸರಿ ಇರುವವರಿಗೆ ನಿಜವಾಗಿಯೂ ಒಳ್ಳೆಯದೇ. ವಿಶ್ವ ಆರೋಗ್ಯ ಸಂಸ್ಥೆ 2025ರ ಜನವರಿಯಲ್ಲಿ ಇಂಥ ಉಪ್ಪಿನ ಪರವಾಗಿ ಮಾರ್ಗಸೂಚಿಯನ್ನೇ ತಂದಿತು. ಆದರೆ ಕಿಡ್ನಿ ತೊಂದರೆ ಇರುವವರಿಗೆ ಈ ಸಲಹೆ ಅಲ್ಲ ಅಂತ ಅದರಲ್ಲೇ ಹೇಳಿದೆ.

ಹಾಗಂತ 5.4 ಆಗಿರುವುದಕ್ಕೆ ಉಪ್ಪೊಂದೇ ಕಾರಣ ಅಂತ ಹೇಳಿ ಮುಗಿಸಲಾರೆ. ನಿಮ್ಮ ಪತ್ರದಲ್ಲೇ ಇನ್ನೂ ಮೂರು ನಾಲ್ಕು ಸುಳಿವುಗಳಿವೆ.

ಒಂದು, ಮಲಬದ್ಧತೆ. ದೇಹದ ಪೊಟ್ಯಾಸಿಯಂ ಬಹುಪಾಲು ಮೂತ್ರದಲ್ಲಿ ಹೊರಗೆ ಹೋಗುತ್ತದೆ, ಸುಮಾರು ಶೇ. 10ರಷ್ಟು ಮಲದಲ್ಲಿ. ಕಿಡ್ನಿ ಸೋತಾಗ ದೊಡ್ಡ ಕರುಳು ಆ ಕೆಲಸವನ್ನು ಇನ್ನಷ್ಟು ಹಚ್ಚಿಕೊಳ್ಳುತ್ತದೆ. ಹಣ್ಣು, ತರಕಾರಿ, ಕಾಳು ಒಟ್ಟಿಗೆ ನಿಲ್ಲಿಸಿದರೆ ನಾರು ಹೋಯಿತು, ನಾರು ಹೋದರೆ ಹೊಟ್ಟೆ ಕಟ್ಟಿತು, ಹೊಟ್ಟೆ ಕಟ್ಟಿದರೆ ಪೊಟ್ಯಾಸಿಯಂ ಹೊರಗೆ ಹೋಗುವ ಇನ್ನೊಂದು ದಾರಿಯೂ ಮುಚ್ಚಿತು. ಪೊಟ್ಯಾಸಿಯಂ ಇಳಿಸಲು ಮಾಡಿದ ಪಥ್ಯವೇ ಅದನ್ನು ಏರಿಸುವುದು ಹೀಗೆ.

ಎರಡು, ಬೈಕಾರ್ಬನೇಟ್ 19. ಇದು 22ರ ಮೇಲಿದ್ದರೆ ಚೆನ್ನ. ಕಡಿಮೆ ಅಂದರೆ ರಕ್ತದಲ್ಲಿ ಆಮ್ಲ ಜಾಸ್ತಿ ಆಗಿದೆ ಅಂತ ಅರ್ಥ, ಆಮ್ಲ ಜಾಸ್ತಿ ಆದಾಗ ಜೀವಕೋಶದ ಒಳಗಿನ ಪೊಟ್ಯಾಸಿಯಂ ರಕ್ತಕ್ಕೆ ಬರುತ್ತದೆ. ದೇಹದ ಪೊಟ್ಯಾಸಿಯಂನಲ್ಲಿ ಶೇ. 98ರಷ್ಟು ಇರುವುದು ಜೀವಕೋಶಗಳ ಒಳಗೇ, ರಕ್ತ ಪರೀಕ್ಷೆಯಲ್ಲಿ ಕಾಣುವುದು ಅದರ ಅಂಚು ಮಾತ್ರ. ಇಲ್ಲೊಂದು ತಮಾಷೆ ಇದೆ. ರಕ್ತದ ಆಮ್ಲ ತಗ್ಗಿಸುವ ಆಹಾರ ಯಾವುದು ಅಂದರೆ ಹಣ್ಣು, ತರಕಾರಿಗಳೇ. ಅವನ್ನು ಪೂರ್ತಿ ಕಿತ್ತುಹಾಕಿದಾಗ ಆ ಸಹಾಯವೂ ನಿಂತುಹೋಗುತ್ತದೆ.

ಮೂರು, ತೂಕ. ನಾಲ್ಕು ತಿಂಗಳಲ್ಲಿ 5 ಕೆಜಿ ಇಳಿದಿದೆ ಅಂದರೆ ಅದು ಬರೀ ಕೊಬ್ಬಲ್ಲ. ಊಟ ಸಾಲದಾದಾಗ ದೇಹ ತನ್ನ ಸ್ನಾಯುವನ್ನೇ ಕರಗಿಸಿ ತಿನ್ನುತ್ತದೆ, ಕರಗಿದ ಸ್ನಾಯುವಿನ ಪೊಟ್ಯಾಸಿಯಂ ಮತ್ತು ಫಾಸ್ಫೇಟ್ ರಕ್ತಕ್ಕೇ ಸೇರುತ್ತದೆ. ನಿಮಗೆ ಸಮಾಧಾನ ಕೊಟ್ಟ ಆ ಕ್ರಿಯಾಟಿನಿನ್ ಬಗ್ಗೆಯೂ ಇಲ್ಲೇ ಹೇಳಿಬಿಡುತ್ತೇನೆ. ಕ್ರಿಯಾಟಿನಿನ್ ಅಂದರೆ ಕಿಡ್ನಿ ಹೊರಗೆ ಹಾಕುವ ಕಸ, ಅದು ಹುಟ್ಟುವುದು ಸ್ನಾಯುವಿನಿಂದ. ಸ್ನಾಯು ಕಡಿಮೆ ಆದರೆ ಕಿಡ್ನಿ ಒಂದಿಷ್ಟೂ ಸುಧಾರಿಸದೆ ಕ್ರಿಯಾಟಿನಿನ್ ಇಳಿಯುತ್ತದೆ. 2.0ಯಿಂದ 1.9 ಅನ್ನುವುದು ಲ್ಯಾಬಿನ ಸಹಜ ಏರುಪೇರೂ ಆಗಿರಬಹುದು. ಹೇಗೇ ಆದರೂ ಇಷ್ಟು ತೂಕ ಇಳಿದವರಲ್ಲಿ ಇದನ್ನು ಪಥ್ಯ ಫಲಿಸಿದ ಗುರುತು ಅಂತ ನಾನಂತೂ ಓದುವುದಿಲ್ಲ. ಸಂಶಯ ಇದ್ದರೆ ಡಾಕ್ಟರು ಸಿಸ್ಟಾಟಿನ್ ಸಿ ಅನ್ನುವ ಇನ್ನೊಂದು ಪರೀಕ್ಷೆ ಮಾಡಿಸಬಹುದು, ಅದು ಸ್ನಾಯುವಿನ ಮೇಲೆ ಅಷ್ಟಾಗಿ ನಿಂತಿಲ್ಲ.

ನಾಲ್ಕು, ಔಷಧಿಗಳು. ಟೆಲ್ಮಿಸಾರ್ಟಾನ್ ಪೊಟ್ಯಾಸಿಯಂ ಸ್ವಲ್ಪ ಏರಿಸುತ್ತದೆ, ಆದರೆ ಮೊದಲೂ ಅದೇ ಮಾತ್ರೆಯಲ್ಲಿ 4.6 ಇತ್ತಲ್ಲ. ಅದನ್ನು ದಯವಿಟ್ಟು ನೀವಾಗಿಯೇ ನಿಲ್ಲಿಸಬೇಡಿ, ಕಿಡ್ನಿಯನ್ನು ಕಾಪಾಡುವುದರಲ್ಲಿ ಅದರ ಪಾಲು ದೊಡ್ಡದು, ಪೊಟ್ಯಾಸಿಯಂ ಏರಿತು ಅಂತ ಮೊದಲು ಬಲಿ ಆಗುವುದೂ ಪಾಪ ಅದೇ. ಬೇರೆ ಏನಾದರೂ ಸೇರಿದೆಯಾ ಕೇಳಿ. ಮಂಡಿನೋವಿಗೆ ಅಂತ ಐಬುಪ್ರೊಫೆನ್, ಡೈಕ್ಲೊಫೆನಾಕ್ ನುಂಗುತ್ತಿದ್ದಾರಾ? ಮೂತ್ರದ ಸೋಂಕಿಗೆ ಟ್ರೈಮೆಥೊಪ್ರಿಮ್ ಇರುವ ಆಂಟಿಬಯೋಟಿಕ್ ಕೊಟ್ಟಿದ್ದರಾ? ಮೂತ್ರ ಹೆಚ್ಚಿಸುವ ಸ್ಪೈರೊನೊಲ್ಯಾಕ್ಟೋನ್ ಮಾತ್ರೆ ಸೇರಿಸಿದ್ದಾರಾ? ಇವೆಲ್ಲ ಪೊಟ್ಯಾಸಿಯಂ ಏರಿಸುತ್ತವೆ, ಆ ನೋವಿನ ಮಾತ್ರೆಗಳು ಕಿಡ್ನಿಗೂ ಪೆಟ್ಟು ಕೊಡುತ್ತವೆ.

ಇನ್ನು ರಕ್ತ ತೆಗೆಯುವಾಗ ಮುಷ್ಟಿ ಬಿಗಿದು ಬಿಗಿದು ಬಿಟ್ಟರೆ, ಅಥವಾ ಟ್ಯೂಬಿನಲ್ಲಿ ರಕ್ತಕಣ ಒಡೆದರೆ, ಇಲ್ಲದ ಪೊಟ್ಯಾಸಿಯಂ ರಿಪೋರ್ಟಿನಲ್ಲಿ ಕಾಣಿಸಿಕೊಳ್ಳುತ್ತದೆ. ಆದ್ದರಿಂದ ಆ ಉಪ್ಪು ನಿಲ್ಲಿಸಿ, ಡಾಕ್ಟರಿಗೆ ಇವತ್ತೇ ಫೋನ್ ಮಾಡಿ ಹೇಳಿ, ಒಂದೆರಡು ವಾರದೊಳಗೆ ಮತ್ತೆ ಪರೀಕ್ಷೆ ಮಾಡಿಸಿ. 5.4 ಗಾಬರಿ ಬೀಳುವ ಅಂಕಿ ಅಲ್ಲ, ಮರೆತು ಕೂರುವ ಅಂಕಿಯೂ ಅಲ್ಲ. 6 ದಾಟಿದರೆ ಅವತ್ತೇ ಡಾಕ್ಟರನ್ನು ಕಾಣಬೇಕು, 6.5ರ ಹತ್ತಿರ ಬಂದರೆ ಸೀದಾ ಆಸ್ಪತ್ರೆಗೆ, ಏಕೆಂದರೆ ಅದು ಹೃದಯದ ಬಡಿತವನ್ನು ಕೆಡಿಸುತ್ತದೆ. ಕೈಕಾಲು ಸೋತಂತಾಗುವುದು, ಎದೆ ಬಡಿತ ತಪ್ಪುವುದು, ತಲೆ ಸುತ್ತುವುದು ಕಂಡರೆ ರಿಪೋರ್ಟಿಗೆ ಕಾಯುತ್ತಾ ಕೂರಬೇಡಿ. ಎಷ್ಟೋ ಸಲ ಯಾವ ಲಕ್ಷಣವೂ ಇಲ್ಲದೆ ಏರಿರುತ್ತದೆ, ಅದಕ್ಕೇ ರಕ್ತ ಪರೀಕ್ಷೆಯನ್ನು ನಂಬಬೇಕು.

ಈಗ ನೀವು ಕೇಳಿದ ಮಿಲಿಗ್ರಾಂ ಲೆಕ್ಕ. ನಾಲ್ಕು ಖನಿಜಕ್ಕೂ ಒಂದೊಂದು ಅಂಕಿ ಕೊಟ್ಟುಬಿಟ್ಟರೆ ನಿಮಗೂ ಸುಲಭ, ನನಗೂ ಸುಲಭ. ಆದರೆ ಆ ನಾಲ್ಕನ್ನೂ ಒಂದೇ ಥರ ನೋಡುವ ಹಾಗಿಲ್ಲ. ಸೋಡಿಯಂಗೆ ಮಿತಿ ಎಲ್ಲರಿಗೂ ಇದೆ, ರಿಪೋರ್ಟ್ ಏನೇ ಹೇಳಲಿ. ಪೊಟ್ಯಾಸಿಯಂ ಮತ್ತು ಫಾಸ್ಫರಸ್‌ಗೆ ಹಾಗಲ್ಲ, ರಕ್ತದಲ್ಲಿ ಎಷ್ಟಿದೆ ನೋಡಿ ಊಟ ಹೊಂದಿಸಿಕೊಳ್ಳಬೇಕು. ಅಮೆರಿಕದ ನ್ಯಾಷನಲ್ ಕಿಡ್ನಿ ಫೌಂಡೇಶನ್ 2020ರಲ್ಲಿ ತಂದ ಪೋಷಣೆಯ ಮಾರ್ಗಸೂಚಿಯಲ್ಲಿ ಈ ಎರಡಕ್ಕೂ ಎಲ್ಲರಿಗೂ ಒಪ್ಪುವ ದಿನದ ಅಂಕಿ ಅಂತ ಇಟ್ಟಿಲ್ಲ, ರಕ್ತದ ಮಟ್ಟ ಸರಿ ಇರುವಂತೆ ನೋಡಿಕೊಳ್ಳಿ ಅಂತಷ್ಟೇ ಇದೆ. ಕೆಡಿಗೊ ಅನ್ನುವ ಅಂತರರಾಷ್ಟ್ರೀಯ ಸಂಸ್ಥೆಯ 2024ರ ಮಾರ್ಗಸೂಚಿ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಪೊಟ್ಯಾಸಿಯಂ ಏರಿದ್ದವರು ದೇಹ ಬೇಗ ಹೀರಿಕೊಳ್ಳುವ ಪೊಟ್ಯಾಸಿಯಂ ಇರುವ ಆಹಾರವನ್ನು ಮಿತಿಗೊಳಿಸಿ ಅನ್ನುತ್ತದೆ. ಅದಕ್ಕೆ ಅದು ಕೊಡುವ ಉದಾಹರಣೆ ಹಣ್ಣಲ್ಲ, ಪ್ಯಾಕೆಟ್ಟಿನ ಸಂಸ್ಕರಿಸಿದ ಆಹಾರ. ಕಿಡ್ನಿಗೆ ನಿಷಿದ್ಧ ಅಂತ ಎಲ್ಲೆಡೆ ಓಡಾಡುವ ಆ ಉದ್ದುದ್ದ ಪಟ್ಟಿಗಳ ಬಗ್ಗೆ ನನಗೆ ಅಷ್ಟಕ್ಕಷ್ಟೆ. ಡಯಾಲಿಸಿಸ್‌ನಲ್ಲಿ ಇರುವವರಿಗೆ ಬರೆದದ್ದನ್ನು ಮೂರನೇ ಹಂತದವರು ಓದಿ ಊಟ ಬಿಡುತ್ತಾರೆ. ನಿಮ್ಮ ತಂದೆಯವರ ಇಜಿಎಫ್‌ಆರ್ 39 ಅಂದರೆ ಕಿಡ್ನಿ ಕಾಯಿಲೆಯ ಐದು ಹಂತಗಳಲ್ಲಿ 3ಬಿ. ಈ ಹಂತದಲ್ಲಿ ತುಂಬಾ ಜನರ ಪೊಟ್ಯಾಸಿಯಂ, ಫಾಸ್ಫರಸ್ ಎರಡೂ ಮಾಮೂಲಾಗಿಯೇ ಇರುತ್ತವೆ.

ಸೋಡಿಯಂ ದಿನಕ್ಕೆ 2 ಗ್ರಾಂ ಒಳಗೆ. ಉಪ್ಪಿನ ಲೆಕ್ಕದಲ್ಲಿ 5 ಗ್ರಾಂ, ಒಂದು ಟೀ ಚಮಚಕ್ಕಿಂತ ಸ್ವಲ್ಪ ಕಮ್ಮಿ, ಇಡೀ ದಿನದ ಎಲ್ಲ ಆಹಾರ ಸೇರಿ. 1 ಗ್ರಾಂ ಉಪ್ಪಿನಲ್ಲಿ ಸುಮಾರು 400 ಮಿ.ಗ್ರಾಂ ಸೋಡಿಯಂ ಅಂತ ನೆನಪಿಟ್ಟುಕೊಂಡರೆ ಯಾವ ಲೇಬಲ್ಲನ್ನೂ ಓದಬಹುದು. ಮಾಮೂಲಿ ಉಪ್ಪಿಗೇ ವಾಪಸ್ ಬನ್ನಿ, ಆದರೆ ಅಳತೆ ಹಾಕಿ. ಕಲ್ಲುಪ್ಪು, ಸಮುದ್ರದ ಉಪ್ಪು, ಗುಲಾಬಿ ಬಣ್ಣದ ಉಪ್ಪು, ಯಾವುದೇ ಆದರೂ ಬಹುತೇಕ ಸೋಡಿಯಂ ಕ್ಲೋರೈಡೇ, ಬೆಲೆ ಮಾತ್ರ ಬೇರೆ. ಅಡುಗೆಗೆ ಹಾಕುವ ಉಪ್ಪಿಗಿಂತ ಕಣ್ಣಿಗೆ ಬೀಳದ ಉಪ್ಪು ಜಾಸ್ತಿ ಅನ್ನುವ ಮನೆಗಳಿವೆ: ಬ್ರೆಡ್, ಬಿಸ್ಕತ್ತು, ಚೀಸ್, ಸಾಸ್, ಉಪ್ಪಿನಕಾಯಿ, ಇನ್‌ಸ್ಟಂಟ್ ನೂಡಲ್ಸ್, ಸೂಪಿನ ಪುಡಿ. ಅಡುಗೆ ಸೋಡಾ ಒಂದು ಟೀ ಚಮಚ ಅಂದರೆ 1,200 ಮಿ.ಗ್ರಾಂಗೂ ಮೇಲೆ ಸೋಡಿಯಂ, ನಾಲಿಗೆಗೆ ಉಪ್ಪು ಅನಿಸುವುದೇ ಇಲ್ಲ. ನೀರಿಗೆ ಹಾಕಿದರೆ ಬುಸ್ ಅಂತ ನೊರೆ ಬರುವ ಮಾತ್ರೆಗಳಲ್ಲೂ ಸೋಡಿಯಂ ಇರುತ್ತದೆ, ಒಂದೊಂದರಲ್ಲಿ 300-400 ಮಿ.ಗ್ರಾಂ ಇರುವುದೂ ಉಂಟು.

ಉಪ್ಪು ಇಳಿಸಿದರೆ ಬಿಪಿ ಇಳಿಯುತ್ತದೆ ಅನ್ನುವುದು ಎಲ್ಲರಿಗೂ ಗೊತ್ತು. ಅಷ್ಟಾಗಿ ಗೊತ್ತಿಲ್ಲದ್ದು, ಟೆಲ್ಮಿಸಾರ್ಟಾನ್ ಥರದ ಮಾತ್ರೆ ಚೆನ್ನಾಗಿ ಕೆಲಸ ಮಾಡಬೇಕಾದರೂ ಉಪ್ಪು ಕಮ್ಮಿ ಇರಬೇಕು, ಮೂತ್ರದಲ್ಲಿ ಪ್ರೋಟೀನ್ ಸೋರುವುದೂ ಆಗಲೇ ತಗ್ಗುವುದು. ರುಚಿಯ ವಿಷಯಕ್ಕೆ ಬಂದರೆ ನಿಂಬೆರಸ, ವಿನೆಗರ್, ಬೆಳ್ಳುಳ್ಳಿ, ಕಾಳುಮೆಣಸು, ಶುಂಠಿ ಇವುಗಳ ಕಡೆ ಹೋಗಿ. ಕೆಲವು ವಾರದಲ್ಲಿ ನಾಲಿಗೆ ಹೊಂದಿಕೊಳ್ಳುತ್ತದೆ. ನಿಜವಾಗಿ ಎಷ್ಟು ಉಪ್ಪು ತಿನ್ನುತ್ತಿದ್ದಾರೆ ಅಂತ ನೋಡಬೇಕಾದರೆ 24 ಗಂಟೆಯ ಮೂತ್ರ ಹಿಡಿದು ಸೋಡಿಯಂ ಪರೀಕ್ಷೆ ಮಾಡಿಸಬಹುದು, 100 ಮಿಲಿಮೋಲ್ ಬಂದರೆ ಸುಮಾರು 2.3 ಗ್ರಾಂ ಸೋಡಿಯಂ. ಮನೆಯವರು ಬಾಯಲ್ಲಿ ಹೇಳುವ ಲೆಕ್ಕಕ್ಕಿಂತ ಇದು ನಂಬಿಕೆಯದು.

ಪೊಟ್ಯಾಸಿಯಂಗೆ ವಾಪಸ್ ಬರೋಣ. ಮರುಪರೀಕ್ಷೆ ಬರುವವರೆಗೂ ಖಾಲಿ ತಟ್ಟೆ ಬೇಡ. ಪೊಟ್ಯಾಸಿಯಂ ಕಡಿಮೆ ಇರುವ ತರಕಾರಿ, ಹಣ್ಣುಗಳನ್ನು ಡಾಕ್ಟರಿಗೆ ತಿಳಿಸಿ ಈಗಲೇ ಶುರು ಮಾಡಬಹುದು: ಎಲೆಕೋಸು, ಸೌತೆಕಾಯಿ, ಸೋರೆಕಾಯಿ, ಈರುಳ್ಳಿ, ಸೇಬು, ಅನಾನಸ್, ಪಿಯರ್. ಇವೆಲ್ಲ 100 ಗ್ರಾಂಗೆ ಹೆಚ್ಚೂ ಕಡಿಮೆ 100ರಿಂದ 170 ಮಿ.ಗ್ರಾಂ ಒಳಗಿವೆ. ಪಾಲಕ್ ಹಸಿಯಾಗಿದ್ದಾಗ 100 ಗ್ರಾಂಗೆ 550 ದಾಟುತ್ತದೆ, ಆಲೂಗಡ್ಡೆ ಮತ್ತು ಸೀಬೆ 400ರ ಆಸುಪಾಸು. ಆದರೆ ಬರೀ ಈ ಅಂಕಿ ನೋಡಿಕೊಂಡು ಹಣ್ಣಿಗೆ ಒಳ್ಳೆಯದು, ಕೆಟ್ಟದ್ದು ಅಂತ ಹಣೆಪಟ್ಟಿ ಹಚ್ಚಬೇಡಿ, ಎಷ್ಟು ತಿನ್ನುತ್ತೀರಿ ಅನ್ನುವುದೇ ಮುಖ್ಯ. ಕಡಿಮೆ ಪೊಟ್ಯಾಸಿಯಂ ಅಂತ ಅರ್ಧ ಕಲ್ಲಂಗಡಿ ತಿಂದರೆ ಬಾಳೆಹಣ್ಣನ್ನು ಎಷ್ಟೋ ಹಿಂದೆ ಹಾಕುತ್ತದೆ. ಅರ್ಧ ಬಾಳೆಹಣ್ಣು, ಅದೂ ಪೊಟ್ಯಾಸಿಯಂ ಸರಿಯಾದ ಮೇಲೆ, ಯಾವ ಅಪರಾಧವೂ ಅಲ್ಲ.

ನಿಜಕ್ಕೂ ದೂರ ಇಡಬೇಕಾದದ್ದು ಗಟ್ಟಿಯಾಗಿಸಿದ, ಹಿಂಡಿದ, ಒಣಗಿಸಿದ ರೂಪಗಳನ್ನು. ಟೊಮ್ಯಾಟೊ 100 ಗ್ರಾಂಗೆ 240 ಮಿ.ಗ್ರಾಂ, ಟೊಮ್ಯಾಟೊ ಪೇಸ್ಟ್ 1,000. ದ್ರಾಕ್ಷಿ 190, ಒಣದ್ರಾಕ್ಷಿ 750ರ ಹತ್ತಿರ. ಒಂದು ಲೋಟ ಕಿತ್ತಳೆ ರಸಕ್ಕೆ ಎರಡು ಮೂರು ಹಣ್ಣು ಬೇಕು, ನಾರು ಕಸದ ಬುಟ್ಟಿಗೆ ಹೋಗುತ್ತದೆ, ಪೊಟ್ಯಾಸಿಯಂ ಮಾತ್ರ ಲೋಟದಲ್ಲಿ ಉಳಿಯುತ್ತದೆ. ಎಳನೀರು ಒಂದು ಲೋಟಕ್ಕೆ 600 ಮಿ.ಗ್ರಾಂವರೆಗೂ ಇರುತ್ತದೆ, ಪೊಟ್ಯಾಸಿಯಂ ಏರಿರುವವರು ಅದನ್ನು ಪೂರ್ತಿ ಬಿಡಬೇಕು. ಹಣ್ಣುಗಳಲ್ಲಿ ನಾನು ಖಡಾಖಂಡಿತ ಬೇಡ ಅನ್ನುವುದು ಒಂದನ್ನೇ, ಕಮರಾಕ್ಷಿ, ಅದೇ ಸ್ಟಾರ್ ಫ್ರೂಟ್. ಅದರಲ್ಲಿರುವ ಕ್ಯಾರಂಬಾಕ್ಸಿನ್ ಅನ್ನುವ ನರವಿಷವನ್ನು ಸೋತ ಕಿಡ್ನಿ ಹೊರಗೆ ಹಾಕಲಾರದು. ನಿಲ್ಲದ ಬಿಕ್ಕಳಿಕೆಯಿಂದ ಶುರುವಾಗಿ ಫಿಟ್ಸ್, ಸಾವಿನವರೆಗೂ ಹೋದದ್ದುಂಟು. ಇದಕ್ಕೆ ಪೊಟ್ಯಾಸಿಯಂ ಎಷ್ಟು ಅನ್ನುವ ಪ್ರಶ್ನೆಯೇ ಬರುವುದಿಲ್ಲ, ರುಚಿ ನೋಡಲೂ ಬೇಡ.

ಅಡುಗೆ ಮಾಡುವ ರೀತಿಯಲ್ಲಿ ನಿಮ್ಮ ಕೈಯಲ್ಲಿ ತುಂಬಾ ಇದೆ. ಪೊಟ್ಯಾಸಿಯಂ ನೀರಿಗೆ ಇಳಿಯುತ್ತದೆ, ಅದಕ್ಕೆ ಬಿಸಿ ಬೇಕು, ಹೋಳು ಸಣ್ಣ ಇರಬೇಕು. ಆಲೂಗಡ್ಡೆಯನ್ನು ಸಿಪ್ಪೆ ತೆಗೆದು ಸಣ್ಣಗೆ ಹೆಚ್ಚಿ, ಜಾಸ್ತಿ ನೀರಲ್ಲಿ ಬೇಯಿಸಿ ಬಸಿದರೆ ಅರ್ಧದಷ್ಟು ಹೋಗುತ್ತದೆ, ತುರಿದು ಬೇಯಿಸಿದರೆ ಇನ್ನೂ ಜಾಸ್ತಿ. ರಾತ್ರಿಯಿಡೀ ತಣ್ಣೀರಲ್ಲಿ ನೆನೆಹಾಕುವ ಪದ್ಧತಿ ಎಲ್ಲ ಕಡೆ ಹೇಳುತ್ತಾರೆ, ಆಲೂಗಡ್ಡೆಯ ಮಟ್ಟಿಗೆ ಸುಮ್ನೆ ನೆನೆಸುವುದರಿಂದ ಹೇಳಿಕೊಳ್ಳುವಂಥ ಲಾಭ ಇಲ್ಲ, ಕುದಿಸಿ ಬಸಿಯುವುದೇ ದಾರಿ. ಬಸಿದ ನೀರನ್ನು ಚೆಲ್ಲಿ. ಇದನ್ನು ಯಾಕೆ ಒತ್ತಿ ಹೇಳುತ್ತಿದ್ದೇನೆ ಅಂದರೆ ಸತ್ವ ಹೋಗುತ್ತದೆ ಅಂತ ಅದನ್ನೇ ಬೇರೆ ಅಡುಗೆಗೆ ಬಳಸುವವರು ಬೇಕಾದಷ್ಟು ಜನ ಇದ್ದಾರೆ. ಹಬೆಯಲ್ಲಿ ಬೇಯಿಸಿದರೆ, ಹುರಿದರೆ, ಮೈಕ್ರೊವೇವ್ ಮಾಡಿದರೆ ಪೊಟ್ಯಾಸಿಯಂ ಅಲ್ಲೇ ಉಳಿಯುತ್ತದೆ. ಕುಕ್ಕರಿನಲ್ಲಿ ಬೇಯಿಸಿದರೂ ಸರಿ, ನೀರು ಬಸಿದು ಚೆಲ್ಲಿದರೆ ಮಾತ್ರ ಲೆಕ್ಕಕ್ಕೆ ಬರುತ್ತದೆ. ಕಾಳುಗಳನ್ನು ನೆನೆಸಿ, ಆ ನೀರು ಚೆಲ್ಲಿ, ಹೊಸ ನೀರಲ್ಲಿ ಬೇಯಿಸಿ, ಅದನ್ನೂ ಬಸಿಯಿರಿ.

ಕಾಳು, ಬೇಳೆ ಬಿಡಿಸಿದ್ದು ಫಾಸ್ಫರಸ್‌ಗೆ ಹೆದರಿ ಅಂತ ಕಾಣುತ್ತದೆ. ನಿಮ್ಮ ತಂದೆಯವರ ಫಾಸ್ಫರಸ್ 3.9, ಇರಬೇಕಾದದ್ದು 2.5ರಿಂದ 4.5. ಅದು ಸರಿಯಾಗಿಯೇ ಇದೆ. ಜೊತೆಗೆ ಈ ಖನಿಜದಲ್ಲಿ ಎಷ್ಟು ಮಿಲಿಗ್ರಾಂ ಇದೆ ಅನ್ನುವುದಕ್ಕಿಂತ ಎಲ್ಲಿಂದ ಬಂತು ಅನ್ನುವುದು ದೊಡ್ಡ ಪ್ರಶ್ನೆ. ಕಾಳು, ಬೇಳೆ, ಧಾನ್ಯ, ಬೀಜಗಳಲ್ಲಿ ಫಾಸ್ಫರಸ್ ಹೆಚ್ಚಿನದು ಫೈಟೇಟ್ ಅನ್ನುವ ರೂಪದಲ್ಲಿ ಬೀಗ ಹಾಕಿಕೊಂಡಿರುತ್ತದೆ. ಅದನ್ನು ಬಿಡಿಸುವ ಫೈಟೇಸ್ ಅನ್ನುವ ಕಿಣ್ವ ನಮ್ಮ ಕರುಳಿನಲ್ಲಿ ಹೇಳಿಕೊಳ್ಳುವಷ್ಟಿಲ್ಲ, ಹಾಗಾಗಿ ಅರ್ಧದಷ್ಟೂ ಒಳಗೆ ಸೇರದೆ ಹೋಗಬಹುದು. ಮಾಂಸ, ಮೊಟ್ಟೆ, ಹಾಲಿನ ಫಾಸ್ಫರಸ್ ಅದಕ್ಕಿಂತ ಜಾಸ್ತಿ ಒಳಗೆ ಸೇರುತ್ತದೆ. ಕಾರ್ಖಾನೆಯಲ್ಲಿ ಸೇರಿಸುವ ಫಾಸ್ಫೇಟ್ ಇದೆಯಲ್ಲ, ಅದು ಶೇ. 90ಕ್ಕೂ ಮೇಲೆ, ಅಂದರೆ ಹೆಚ್ಚೂ ಕಡಿಮೆ ಪೂರ್ತಿ. ಆದರೆ ಸಾಮಾನ್ಯ ಪಟ್ಟಿಗಳಲ್ಲಿ ಬೇಳೆಗೆ ಕೆಂಪು ಗುರುತು, ಕೋಲಾ ಮತ್ತು ಸಂಸ್ಕರಿಸಿದ ಚೀಸಿಗೆ ಎಲ್ಲೋ ಕೊನೆಯಲ್ಲಿ ಒಂದು ಸಾಲು!

ಈ ಸೇರಿಸಿದ ಫಾಸ್ಫೇಟ್ ಹುಡುಕುವುದು ಒಂದು ಕಲೆ. ಪೋಷಕಾಂಶದ ಕೋಷ್ಟಕದಲ್ಲಿ ಅದು ಸಾಮಾನ್ಯವಾಗಿ ಇರುವುದೇ ಇಲ್ಲ, ಎಷ್ಟು ಹಾಕಿದ್ದಾರೆ ಅಂತ ಬರೆಯಬೇಕಾದ ಕಡ್ಡಾಯ ಹೆಚ್ಚಿನ ಕಡೆ ಇಲ್ಲ. ಪದಾರ್ಥಗಳ ಪಟ್ಟಿ ಓದಬೇಕು. ಹೆಸರಿನಲ್ಲಿ ಎಲ್ಲಾದರೂ ಫಾಸ್ ಅನ್ನುವ ತುಣುಕು ಕಂಡರೆ ಅದೇ: ಫಾಸ್ಫೊರಿಕ್ ಆಸಿಡ್, ಡೈಸೋಡಿಯಂ ಫಾಸ್ಫೇಟ್, ಪೈರೊಫಾಸ್ಫೇಟ್, ಪಾಲಿಫಾಸ್ಫೇಟ್. ಹೆಸರಿಲ್ಲದೆ ಬರೀ ಸಂಖ್ಯೆ ಇದ್ದರೆ 338ರಿಂದ 341, 343, 450, 451, 452 ಇವನ್ನು ನೋಡಿಕೊಳ್ಳಿ. ಕಪ್ಪು ಕೋಲಾಗಳು, ಸಂಸ್ಕರಿಸಿದ ಚೀಸ್, ಸಾಸೇಜ್, ಹ್ಯಾಮ್, ಫ್ರೀಜರಿನ ಕೋಳಿ ಮತ್ತು ಮೀನು, ಕಾಫಿಗೆ ಹಾಕುವ ಕ್ರೀಮರ್ ಪುಡಿ, ಕೇಕ್ ಮಿಕ್ಸ್, ಬೇಕಿಂಗ್ ಪೌಡರ್, ಇವುಗಳಲ್ಲಿ ಸಿಗುವ ಸಾಧ್ಯತೆ ಜಾಸ್ತಿ. ಮಾಂಸ ಮೆತ್ತಗಿರಲಿ, ನೀರು ಹಿಡಿದಿಟ್ಟುಕೊಳ್ಳಲಿ ಅಂತ ಫಾಸ್ಫೇಟ್ ದ್ರಾವಣ ಚುಚ್ಚುತ್ತಾರೆ, ಕೆಲವಕ್ಕೆ ಪೊಟ್ಯಾಸಿಯಂ ಫಾಸ್ಫೇಟನ್ನೇ ಹಾಕುತ್ತಾರೆ, ಆಗ ಒಂದೇ ತುತ್ತಿನಲ್ಲಿ ಎರಡೂ ತೊಂದರೆ. ಪ್ಯಾಕೆಟ್ ಆಹಾರ ಕಡಿಮೆ ಮಾಡಿದರೆ ಉಪ್ಪು, ಫಾಸ್ಫೇಟ್, ಬೇಗ ಹೀರುವ ಪೊಟ್ಯಾಸಿಯಂ ಮೂರೂ ಒಟ್ಟಿಗೆ ಇಳಿಯುತ್ತವೆ. ಹಣ್ಣು ಬಿಡಿಸುವ ಮೊದಲು ಅಲ್ಲಿ ಕೈ ಹಾಕಬೇಕು ಅನ್ನುವುದು ಅದಕ್ಕೇ.

ಫಾಸ್ಫರಸ್ ರಕ್ತದಲ್ಲಿ ಮಾಮೂಲು ಕಂಡರೂ ಹಿಂದೆ ಹಾರ್ಮೋನುಗಳು ದುಡಿಯುತ್ತಿರುತ್ತವೆ, ಕ್ಯಾಲ್ಸಿಯಂ ಮತ್ತು ಫಾಸ್ಫರಸ್ ನೋಡಿಕೊಳ್ಳುವ ಪಿಟಿಎಚ್ ಅನ್ನುವ ಹಾರ್ಮೋನ್ ಏರುತ್ತಾ ಇರಬಹುದು. ಈ ಹಂತದಲ್ಲಿ ಪಿಟಿಎಚ್, ಕ್ಯಾಲ್ಸಿಯಂ, ವಿಟಮಿನ್ ಡಿ ಒಮ್ಮೆ ನೋಡಿಸಿದ್ದಾರಾ ಕೇಳಿ.

ಹಾಗಾದರೆ ಪ್ರೋಟೀನ್ ಎಷ್ಟು? ಡಯಾಲಿಸಿಸ್ ಇಲ್ಲದ ಈ ಹಂತಕ್ಕೆ ಕೆಡಿಗೊ ಹೇಳುವುದು ತೂಕದ ಪ್ರತಿ ಕೆಜಿಗೆ 0.8 ಗ್ರಾಂ. 60 ಕೆಜಿ ಅಂತ ಹಿಡಿದರೆ ದಿನಕ್ಕೆ 48 ಗ್ರಾಂ. ಬೇಳೆ, ಕಾಳು, ಹಾಲು ಮೂರೂ ಬಿಟ್ಟವರು ಅಲ್ಲಿಗೆ ಮುಟ್ಟುತ್ತಿರುವುದು ನನಗೆ ಅನುಮಾನ. ಬೇಯಿಸಿದ ಬೇಳೆ ಅರ್ಧ ಕಪ್ ಅಂದರೆ ಸುಮಾರು 9 ಗ್ರಾಂ ಪ್ರೋಟೀನ್. ಮೊಟ್ಟೆ ತಿನ್ನುವವರಾದರೆ ಬಿಳಿಭಾಗ ತುಂಬಾ ಅನುಕೂಲ: ಒಂದರಲ್ಲಿ 3.6 ಗ್ರಾಂ ಪ್ರೋಟೀನ್, ಫಾಸ್ಫರಸ್ ಬರೀ 5 ಮಿ.ಗ್ರಾಂ, ಹಳದಿಯಲ್ಲಿ 60 ದಾಟುತ್ತದೆ. ಪ್ರೋಟೀನಿನಷ್ಟೇ ಮುಖ್ಯ ಹೊಟ್ಟೆ ತುಂಬುವ ಶಕ್ತಿ. ಧಾನ್ಯ, ಎಣ್ಣೆ ಸಾಕಷ್ಟು ಇರಲಿ, ಇಲ್ಲದಿದ್ದರೆ ಕೊಟ್ಟ ಪ್ರೋಟೀನೂ ಸೌದೆಯಾಗಿ ಉರಿದುಹೋಗುತ್ತದೆ. ತೂಕ ಇಳಿಯುವುದು ನಿಲ್ಲಬೇಕು, ಇದು ನಿಮ್ಮ ಮನೆಯಲ್ಲಿ ಈಗ ಪೊಟ್ಯಾಸಿಯಂನಷ್ಟೇ ದೊಡ್ಡ ವಿಷಯ.

ಕ್ಯಾಲ್ಸಿಯಂ ಬೇಗ ಮುಗಿಸುತ್ತೇನೆ. ಆಹಾರ, ಮಾತ್ರೆ ಎಲ್ಲ ಸೇರಿ ದಿನಕ್ಕೆ 800ರಿಂದ 1,000 ಮಿ.ಗ್ರಾಂ. ಒಂದು ಲೋಟ ಹಾಲಿನಲ್ಲಿ 300ರ ಹತ್ತಿರ ಸಿಗುತ್ತದೆ, ಜೊತೆಗೆ ಫಾಸ್ಫರಸ್ 230, ಪೊಟ್ಯಾಸಿಯಂ 350. ಅದಕ್ಕೇ ಹಾಲು ಪೂರ್ತಿ ಬಂದ್ ಬೇಡ, ಅರ್ಧ ಲೋಟದಿಂದ ಶುರು ಮಾಡಿ. ಮೂಳೆಗೆ ಒಳ್ಳೆಯದು ಅಂತ ಕ್ಯಾಲ್ಸಿಯಂ ಮಾತ್ರೆಯನ್ನು ನೀವಾಗಿಯೇ ಕೊಡಬೇಡಿ, ಜಾಸ್ತಿಯಾದ ಕ್ಯಾಲ್ಸಿಯಂ ರಕ್ತನಾಳದ ಗೋಡೆಯಲ್ಲಿ ಕೂರುತ್ತದೆ.

ಮೆಗ್ನೀಸಿಯಂ ಮತ್ತು ಅಲ್ಯೂಮಿನಿಯಂ ಜಾಸ್ತಿಯಾಗುವುದು ಸಾಮಾನ್ಯವಾಗಿ ಊಟದಿಂದಲ್ಲ, ಔಷಧಿ ಅಂಗಡಿಯಿಂದ. ಎದೆಯುರಿಗೆ ಕುಡಿಯುವ ಸಿರಪ್ಪುಗಳಲ್ಲಿ ಎರಡೂ ಇರುತ್ತವೆ, ಕಿಡ್ನಿ ಸೋತವರಲ್ಲಿ ಅವು ದೇಹದಲ್ಲೇ ಉಳಿದುಬಿಡುತ್ತವೆ. ಮಲಬದ್ಧತೆಗೆ ಅಂತ ಮಿಲ್ಕ್ ಆಫ್ ಮೆಗ್ನೀಸಿಯಾ ಕೊಡಬೇಡಿ, ಸೋಡಿಯಂ ಫಾಸ್ಫೇಟ್ ಎನಿಮಾ ಖಂಡಿತ ಬೇಡ, ಅದು ಕಿಡ್ನಿಯನ್ನೇ ಹಾಳುಮಾಡಬಲ್ಲದು. ನಾರು ವಾಪಸ್ ಬಂದರೆ ಅರ್ಧ ಸರಿಹೋಗುತ್ತದೆ, ಉಳಿದದ್ದಕ್ಕೆ ಲ್ಯಾಕ್ಟುಲೋಸ್ ಕೊಡಬಹುದಾ ಅಂತ ಡಾಕ್ಟರನ್ನು ಕೇಳಿ.

ಡಯಾಲಿಸಿಸ್‌ನಲ್ಲಿ ಇರುವವರೂ ಇದನ್ನು ಓದುತ್ತಿರಬಹುದು, ಅವರಿಗೆ ಲೆಕ್ಕ ಬೇರೆ. ವಾರಕ್ಕೆ ಮೂರು ಸಲ ಹಿಮೋಡಯಾಲಿಸಿಸ್ ಮಾಡಿಸುವವರಿಗೆ ಎರಡು ದಿನ ಬಿಡುವು ಬರುವ ಆ ಉದ್ದದ ಅಂತರದಲ್ಲಿ ಪೊಟ್ಯಾಸಿಯಂ ಏರುವ ಅಪಾಯ ಜಾಸ್ತಿ. ಹೊಟ್ಟೆಯ ಮೂಲಕ ಮಾಡುವ ಡಯಾಲಿಸಿಸ್‌ನಲ್ಲಿ ಉಲ್ಟಾ, ಅದು ದಿನವೂ ನಡೆಯುವುದರಿಂದ ಕೆಲವರಿಗೆ ಪೊಟ್ಯಾಸಿಯಂ ಕಡಿಮೆ ಬಿದ್ದು ಹಣ್ಣು ಜಾಸ್ತಿ ತಿನ್ನಿ ಅನ್ನಬೇಕಾಗುತ್ತದೆ. ಪ್ರೋಟೀನ್ ಕೆಜಿಗೆ 1.0ಯಿಂದ 1.2 ಗ್ರಾಂವರೆಗೆ ಬೇಕು. ಫಾಸ್ಫರಸ್ ಹಿಡಿಯುವ ಮಾತ್ರೆಯನ್ನು ಊಟದ ಜೊತೆಗೇ ನುಂಗಬೇಕು, ಊಟ ಆಗಿ ಗಂಟೆ ಕಳೆದ ಮೇಲೆ ನುಂಗಿದರೆ ಅಲ್ಲಿ ಹಿಡಿಯಲು ಏನೂ ಇರುವುದಿಲ್ಲ. ಶುಗರ್ ಇರುವವರು ಸಕ್ಕರೆ ಕುಸಿದಾಗ ಕಿತ್ತಳೆ ರಸ ಕುಡಿಯಬೇಡಿ, ಗ್ಲೂಕೋಸ್ ಅಥವಾ ಸಕ್ಕರೆ ನೀರು ಸಾಕು.

ಇನ್ನು ಐರನ್. ಹಿಮೋಗ್ಲೋಬಿನ್ 10.8 ಕಡಿಮೆಯೇ. ಆದರೆ ಕಿಡ್ನಿ ಕಾಯಿಲೆಯಲ್ಲಿ ರಕ್ತ ಕಡಿಮೆಯಾಗುವುದಕ್ಕೆ ಕಬ್ಬಿಣದ ಕೊರತೆ ಒಂದೇ ಕಾರಣ ಅಲ್ಲ, ರಕ್ತಕಣ ಹುಟ್ಟಿಸುವ ಎರಿತ್ರೊಪೊಯೆಟಿನ್ ಹಾರ್ಮೋನ್ ಕಮ್ಮಿ ಆಗಿರಬಹುದು, ಹೆಪ್ಸಿಡಿನ್ ಅನ್ನುವ ಇನ್ನೊಂದು ಏರಿ ಕರುಳಿನಿಂದ ಕಬ್ಬಿಣ ಒಳಗೆ ಬರುವುದನ್ನೇ ತಡೆಯುತ್ತಿರಬಹುದು. ಹೀಗಿದ್ದಾಗ ಸೊಪ್ಪು ಎಷ್ಟು ತಿನ್ನಿಸಿದರೂ ಹಿಮೋಗ್ಲೋಬಿನ್ ಏರುವುದಿಲ್ಲ, ಪೊಟ್ಯಾಸಿಯಂ ಮಾತ್ರ ಏರುತ್ತದೆ. ದೇಹದಲ್ಲಿ ಕಬ್ಬಿಣ ಎಷ್ಟಿದೆ ಅಂತ ತೋರಿಸುವ ಫೆರಿಟಿನ್ ಮತ್ತು ಟ್ರಾನ್ಸ್‌ಫೆರಿನ್ ಸ್ಯಾಚುರೇಶನ್ ಪರೀಕ್ಷೆ ಎರಡೂ ಮಾಡಿಸಿ. ಸ್ಯಾಚುರೇಶನ್ ಶೇ. 20ಕ್ಕಿಂತ ಕೆಳಗೆ, ಫೆರಿಟಿನ್ 100ಕ್ಕಿಂತ ಕೆಳಗೆ ಇದ್ದರೆ ಕಬ್ಬಿಣ ಖಾಲಿ ಅಂತಲೇ. ಮಾತ್ರೆ ಸಾಕಾ, ನರಕ್ಕೆ ಕೊಡಬೇಕಾ ಅನ್ನುವುದನ್ನು ಡಾಕ್ಟರು ಹೇಳುತ್ತಾರೆ. ಮಾತ್ರೆ ಆದರೆ ಟೀ, ಕಾಫಿ, ಹಾಲು, ಕ್ಯಾಲ್ಸಿಯಂ ಮಾತ್ರೆ ಇವುಗಳ ಜೊತೆ ನುಂಗಿಸಬೇಡಿ. ಐರನ್ನಿಂದ ಹೊಟ್ಟೆ ಕಟ್ಟುತ್ತದೆ ಅನ್ನುವುದೂ ಗೊತ್ತಿರಲಿ, ನಿಮ್ಮಲ್ಲಿ ಆ ತೊಂದರೆ ಈಗಾಗಲೇ ಇದೆ.

ಮಲ್ಟಿವಿಟಮಿನ್ ಸದ್ಯಕ್ಕೆ ಬೇಡ. ಅಂಗಡಿಯಲ್ಲಿ ಸಿಗುವ ಸಾಮಾನ್ಯ ಮಾತ್ರೆಗಳಲ್ಲಿ ಪೊಟ್ಯಾಸಿಯಂ, ಫಾಸ್ಫರಸ್, ಮೆಗ್ನೀಸಿಯಂ ಸೇರಿರುತ್ತವೆ, ಜೊತೆಗೆ ವಿಟಮಿನ್ ಎ, ಅದು ಕಿಡ್ನಿ ಕಾಯಿಲೆಯಲ್ಲಿ ದೇಹದಲ್ಲಿ ಶೇಖರವಾಗುತ್ತದೆ. ಊಟ ಒಂದು ಹದಕ್ಕೆ ಬಂದ ಮೇಲೂ ಕೊರತೆ ಕಂಡರೆ ಕಿಡ್ನಿಯವರಿಗೇ ಅಂತ ಮಾಡಿದ, ಬಿ ಗುಂಪಿನ ವಿಟಮಿನ್ ಇರುವ ಮಾತ್ರೆಗಳಿವೆ. ಡಾಕ್ಟರ ಹತ್ತಿರ ಹೋಗುವಾಗ ತಂದೆಯವರು ನುಂಗುವ ಎಲ್ಲ ಮಾತ್ರೆ, ಸಿರಪ್, ಪುಡಿಗಳ ಜೊತೆಗೆ ಆ ಉಪ್ಪಿನ ಪ್ಯಾಕೆಟ್ಟನ್ನೂ ಒಂದು ಚೀಲದಲ್ಲಿ ಹಾಕಿಕೊಂಡು ಹೋಗಿ ತೋರಿಸಿ.